ಹುಲ್ಲುಹಾಸಿನ ಕೆಳಗೆ

ಬಿಳಿ, ಮತ್ತೆ ಬಿಳಿ, ಬಾಗಿಲಿನ ಉಬ್ಬುಗಾಜಿನಾಚೆ ಏನೋ ದೊಡ್ಡದೊಂದು ಬಿಳಿಯದು ಎಡಕ್ಕೆ ವಾಲಿ ನಿಂತಿತು, ಒಣಹಾಕಿದ ಹೊದಿಕೆ ಗಾಳಿಗೆ ಉಬ್ಬಿದ ಹಾಗೆ, ಆಮೇಲೆ ಅದಕ್ಕೊಂದು ತಲೆ ಮೂಡಿತು, ಮದುಮಗಳು, ಮದುಮಗಳೂ ಅಲ್ಲ, ಬಾಡಿಗೆಗೆ ಬಂದ ಹುಡುಗಿ, ಪಕ್ಕದ ವರನೂ ಬಾಡಿಗೆಯವನೇ, ಬೆಳಿಗ್ಗೆ ನಮ್ಮ ಯಂತ್ರ ನಡೆಸುವ ಡ್ಯಾರಿಲ್ ಹತ್ತಿರ ಸಿಗರೇಟು ಕೇಳಿ ಸೇದುತ್ತ ನಿಂತಿದ್ದ — ಮುಂದಿನ ಬೇಸಿಗೆಯ ಮದುವೆಗಳಿಗೆ ಈ ಬಂಗಲೆಯನ್ನು ಕೊಡುತ್ತಾರಂತೆ, ಅದರ ಜಾಹೀರಾತು ಪುಸ್ತಿಕೆಗೆ ಫೋಟೋ, ಆಸ್ಮರ್‌ಬಿ ಹಾಲ್, ನಿಮ್ಮ ಕನಸಿನ ದಿನಕ್ಕೆ ಮುನ್ನೂರು ವರ್ಷಗಳ ಹಿನ್ನೆಲೆ, ಗೇಟಿನಲ್ಲೇ ಫಲಕ ನೆಟ್ಟಿದ್ದಾರೆ — ಅವರಿಬ್ಬರ ಬಾಡಿಗೆ ಮುತ್ತು ಮುಗಿಯುವವರೆಗೆ ನಾನು ಹಿಂಬಾಗಿಲ ಓಣಿಯ ಕಲ್ಲುನೆಲದ ಮೇಲೆ ಬರೀ ಕಾಲುಚೀಲದಲ್ಲಿ ನಿಂತಿರಬೇಕು, ಎಡಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಇಣುಕುತ್ತಿದೆ. ಒಂದೈದೇ ನಿಮಿಷ ಡಾರ್ಲಿಂಗ್, ಎಂದಳು ಫೆನೆಲ್ಲಾ, ಇಲ್ಲಿನ ಮದುವೆಗಳ ಉಸ್ತುವಾರಿ ಅವಳದು, ಎಲ್ಲರೂ ಅವಳಿಗೆ ಡಾರ್ಲಿಂಗೇ, ನೀವೀಗ ಹೊರಗೆ ಬಂದ್ರೆ ಫ್ರೇಮಲ್ಲಿ ಬಂದ್ಬಿಡ್ತೀರಾ, ಅದರಲ್ಲೂ ಆ ಕಿತ್ತಳೆ ಜಾಕೆಟ್ಟು, ಅಯ್ಯೋ. ಮೆಟ್ಟಿಲ ಮೇಲೆ ನನ್ನ ಬೂಟು ಬಿಟ್ಟಿದ್ದೆನಲ್ಲ? ಅವೂ ಫ್ರೇಮಲ್ಲಿ ಬರ್ತಿದ್ವು, ತೆಗೆಸಿಟ್ಟಿದೀನಿ, ಎಲ್ಲೋ ಇರ್ತವೆ, ಯೋಚನೆ ಮಾಡ್ಬೇಡಿ. ಯೋಚನೆ ಮಾಡಬಾರದಂತೆ. ನಾನು ಈ ಬಾಗಿಲಿಗೆ ಬಂದದ್ದು ಒಂದಕ್ಕೆ ಹೋಗಲು, ಹೋಗಿಯೂ ಆಯಿತು, ಐವತ್ನಾಲ್ಕರ ಹೆಂಗಸು ಒಂದಕ್ಕೆ ಹೋಗಲು ಅಪ್ಪಣೆ ಕೇಳಿ, ಹುಲ್ಲುಹಾಸು ಬಳಸಿ, ಬೂಟು ಬಿಚ್ಚಿ ಒಳಗೆ ಬರಬೇಕಾಯಿತು, ಯಾಕೆಂದರೆ ಕೆಲಸದವರಿಗೆಂದು ನಿಲ್ಲಿಸಿದ್ದ ನೀಲಿ ಪ್ಲಾಸ್ಟಿಕ್ ಪಾಯಿಖಾನೆ ಫೋಟೋದಲ್ಲಿ ಕಾಣುತ್ತದೆಂದು ಬೆಳಿಗ್ಗೆಯೇ ಅದನ್ನು ಲಾರಿಗೇರಿಸಿ ಸಾಗಿಸಿಬಿಟ್ಟರು, ಗಂಡಸರಿಗೇನು, ಬೇಲಿಯಿದೆ. ಅಷ್ಟಕ್ಕೂ ಅಲ್ಲಿ ನಾವು ಅಗೆಯುತ್ತಿರುವುದು ಏನಕ್ಕೆ, ಅತಿಥಿಗಳ ಪಾಯಿಖಾನೆಯ ಕೊಳವೆಗೆ, ಅಮೃತಶಿಲೆಯ ಬೋಗುಣಿ, ಚಳಿಗಾಲದಲ್ಲಿ ಬೆಚ್ಚಗಾಗುವ ಆಸನ. ನಗು ಬರಬೇಕು. ಬರುತ್ತಿಲ್ಲ. ಕುತ್ತಿಗೆಯಿಂದ ಮೇಲಕ್ಕೆ ಬೆಂಕಿ ಏರುತ್ತಿದೆ, ಇದು ವಯಸ್ಸಿನ ಬೆಂಕಿಯೋ ಸಿಟ್ಟಿನದೋ ಈಚೆಗೆ ನನಗೇ ತಿಳಿಯುವುದಿಲ್ಲ, ನಿನಗೆ ಸಿಟ್ಟು ಬಂದ್ರೂ ಯಾರಿಗೂ ಗೊತ್ತಾಗಲ್ಲ ಕಣೇ, ಫ್ರಿಜ್ ಥರ ಮೂಲೇಲಿ ಗುಂಯ್ ಅಂತಿರ್ತೀಯ ಅಷ್ಟೆ, ಅನ್ನುತ್ತಿದ್ದ ಅಲನ್, ಗಂಡನಾಗಿದ್ದಾಗ. ಹೂವಿನ ಬಕೆಟ್ ಹಿಡಿದು ಫೆನೆಲ್ಲಾ ಮತ್ತೆ ಬಂದಳು, ದಾರಿ ಡಾರ್ಲಿಂಗ್ ದಾರಿ, ನಾನು ಗೋಡೆಗೆ ಒತ್ತಿಕೊಂಡು ನಿಂತೆ, ಹೊಟ್ಟೆ ಒಳಗೆಳೆದುಕೊಂಡು, ಕೈ ಎರಡೂ ಹಿಂದೆ — ಯಾರು ಕಲಿಸಿದರು ಈ ನಿಲುವು, ಅಮ್ಮ, ಮತ್ತಿನ್ಯಾರು, ಊರಿನ ದೊಡ್ಡಾಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ಅಮ್ಮ, ರಜೆಯಲ್ಲಿ ನನ್ನನ್ನೂ ಕರೆದೊಯ್ದು ಬಟ್ಟೆ ಬೀರುವಿನ ಪಕ್ಕ ಕೂರಿಸುತ್ತಿದ್ದಳು, ಡಾಕ್ಟರುಗಳ ಹಿಂಡು ಬಂದರೆ ನೆಲ ಉಜ್ಜುವ ಯಂತ್ರ ಆರಿಸಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು, ಅವರಲ್ಲಿ ಒಬ್ಬರೂ ತಲೆ ತಿರುಗಿಸಿದ್ದನ್ನು ನಾನು ಕಂಡಿಲ್ಲ, ಅವರು ಹೋದ ಮೇಲೆ ನನ್ನತ್ತ ಕಣ್ಣು ಹೊಡೆಯುತ್ತಿದ್ದಳು, ಜನರ ಕಾಲಿಗೆ ಅಡ್ಡ ಸಿಗಬಾರದು ಲೊರೇನ್, ಅಷ್ಟು ಕಲಿತ್ಕೊಂಡ್ರೆ ಎಲ್ಲಿ ಬೇಕಾದ್ರೂ ಬದುಕಬಹುದು. ಕಲಿತೆ ಅಮ್ಮಾ. ಚೆನ್ನಾಗಿ ಕಲಿತೆ.

ನನ್ನ ಕೆಲಸವೂ ನಿಲ್ಲುವುದೇ, ನಿಂತು ನೋಡುವುದು, ಇಂಥ ಹಳೆಯ ಜಾಗದಲ್ಲಿ ಯಾರೇ ಕೊಳವೆ ಹಾಕಲಿ ತಂತಿ ಎಳೆಯಲಿ, ಪುರಾತತ್ವದವರೊಬ್ಬರು ಪಕ್ಕದಲ್ಲಿರಬೇಕು, ಕಾನೂನು, ಇಲ್ಲದಿದ್ದರೆ ನನ್ನನ್ನು ಯಾರು ಕರೆಯುತ್ತಿದ್ದರು, ಯಂತ್ರದ ಹಲ್ಲಿಲ್ಲದ ಬಕೆಟ್ಟು ಮಣ್ಣನ್ನು ಪದರ ಪದರವಾಗಿ ಕೆರೆಯುತ್ತದೆ, ನಾನು ಅಂಚಿನಲ್ಲಿ ನಿಂತು ಪ್ರತಿ ಕೆರೆತವನ್ನೂ ನೋಡುತ್ತೇನೆ, ನಾನು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಡ್ಯಾರಿಲ್ ನಿಲ್ಲಿಸುತ್ತಾನೆ, ಪಾಪ, ಗೊಣಗುತ್ತಲೇ, ಏನ್ ಡಕ್ಕೇ, ಮತ್ತೆ ಯಾವನೋ ಬಿಸಾಕಿದ ತಟ್ಟೆ ಚೂರಾ? ಈ ಸೀಮೆಯವರ ಬಾಯಲ್ಲಿ ಗಂಡು ಹೆಣ್ಣು ಮುದುಕ ಮಗು ಎಲ್ಲರೂ ಡಕ್ಕೇ, ಬಾತುಕೋಳಿ, ನನಗದು ಅಪ್ಪನ ಕಾಲದಿಂದ ಅಭ್ಯಾಸ. ತಟ್ಟೆ ಚೂರೇ, ನೀಲಿ ಹೂವಿನದು, ಹೊಗೆಸೊಪ್ಪಿನ ಮಣ್ಣುಕೊಳವೆಗಳು, ಸಿಂಪಿ ಚಿಪ್ಪು, ಈ ಕೆಲಸ ಶುರುವಾದಂದಿನಿಂದ ಸಿಕ್ಕಿದ್ದೆಲ್ಲ ಮೇಜಿನಿಂದ ಕೊಡವಿದ ಕಸ, ಉಳಿದಂತೆ ಏನಿಲ್ಲ, ಏನಿಲ್ಲ ಎಂದು ಬರೆಯುವುದಕ್ಕೇ ನಮ್ಮನ್ನು ಕರೆಯುವುದು, ಗುತ್ತಿಗೆಯ ಮೇಲ್ವಿಚಾರಕ ಕ್ರೇಗ್ ದಿನಾ ಬೆಳಿಗ್ಗೆ ಅದನ್ನೇ ಕೇಳುತ್ತಾನೆ, ಲೊರೇನ್, ಇವತ್ತೂ ಏನಿಲ್ಲ ತಾನೆ, ದೇವರು ದೊಡ್ಡವನು. ಇವತ್ತು ಬೆಳಿಗ್ಗೆ ಹುಲ್ಲುಹಾಸಿನ ಆಚೆ ತುದಿಯಲ್ಲಿ ಕೆಂಪು ಜೇಡಿ ಬಂತು, ನುಣ್ಣನೆ, ಗಟ್ಟಿ, ಕಿತ್ತಳೆ ಸಿಪ್ಪೆಯ ಬಣ್ಣ, ಬಂತು ನೋಡಿ ಹುಟ್ಟುಮಣ್ಣು ಎಂದ ಕ್ರೇಗ್, ಮನುಷ್ಯರ ಕೈ ಸೋಕದ ಮಣ್ಣು ಬಂದರೆ ನನ್ನ ಕೆಲಸ ಮುಗಿದ ಹಾಗೆ, ಅದರ ಕೆಳಗೆ ನೋಡುವುದಕ್ಕೇನಿರುತ್ತದೆ, ನಾನೂ ಹೂಂ ಅನ್ನುವುದರಲ್ಲಿದ್ದೆ, ಆದರೂ ಕರಣೆಯಿಂದ ಒಂದು ಹಿಡಿ ಕೆತ್ತಿ ಮುರಿದೆ. ಕಲ್ಲಿದ್ದಲಿನ ಚೂರು. ಅಕ್ಕಿಕಾಳಿನಷ್ಟು. ಕೈ ಸೋಕದ ಮಣ್ಣಿನ ಹೊಟ್ಟೆಯಲ್ಲಿ ಸುಟ್ಟ ಕಲ್ಲಿದ್ದಲು ಹೇಗೆ ಬರುತ್ತದೆ, ಯಾರೋ ತಂದು ಮೆತ್ತಿದ ಜೇಡಿ ಇದು, ಕೆರೆಯ ತಳಕ್ಕೆ ಮೆತ್ತುತ್ತಾರಲ್ಲ ನೀರು ಇಳಿಯಬಾರದೆಂದು, ಹಾಗೆ, ಅಂದರೆ ಕೆಳಗೆ ಒದ್ದೆಯಾಗಬಾರದ್ದು ಏನೋ ಇದೆ. ಕಚೇರಿಯಲ್ಲಿರುವ ಟೋಬಿಗೆ ಫೋಟೋ ಕಳಿಸಿದೆ, ನನ್ನ ಮೇಲಧಿಕಾರಿ, ಅವನು ಹುಟ್ಟುವ ಹೊತ್ತಿಗೆ ನಾನು ಮೊಣಕಾಲೂರಿ ಕೆಸರಲ್ಲಿದ್ದೆ, ಹುಟ್ಟುಮಣ್ಣೇ ಲೊರೇನ್, ಎಷ್ಟು ಚೆನ್ನಾಗಿ ಕಾಣ್ತಿದೆ, ಹಳೇ ನಕ್ಷೆ ಎಲ್ಲ ನಾನೇ ನೋಡಿದೀನಿ, ಅಲ್ಲಿ ಹುಲ್ಲು ಬಿಟ್ರೆ ಏನೂ ಇರ್ಲಿಲ್ಲ, ಮುಗಿಸಿ ಮನೆಗೆ ಹೋಗಿ, ಚಳಿ ಬೇರೆ. ನಕ್ಷೆ ಬರೆದವನು ಎಲ್ಲಿ ಕೂತು ಬರೆದ ಟೋಬಿ, ಊಟದ ಕೋಣೆಯ ಕಿಟಕಿಯಲ್ಲಿ ಕೂತು, ಅಲ್ಲಿಂದ ಹುಲ್ಲೇ ಕಾಣುವುದು. ಇದನ್ನು ನಾನು ಹೇಳಲಿಲ್ಲ, ಈಗ ಹೊಳೆಯಿತು, ಎಲ್ಲ ಆಮೇಲೆ ಹೊಳೆಯುತ್ತದೆ, ಫ್ರಿಜ್ಜು. ಮೆಲ್ಲಗೆ ಕೆರೆ ಡ್ಯಾರಿಲ್, ಎಂದೆ ಅಷ್ಟೆ. ನಿಂಗೆ ಬೇಜಾರಾಗೋವರೆಗೂ ಕೆರೀತೀನಿ ಡಕ್ಕೇ, ಗಂಟೆ ಲೆಕ್ಕದ ಕೂಲಿ ನಂದು. ಕೆರೆದ. ಇಟ್ಟಿಗೆಯ ಬೆನ್ನು ಕಂಡಿತು, ಕಮಾನು, ಕೈ ಎತ್ತಿದೆ, ಎತ್ತುವಷ್ಟರಲ್ಲಿ ಬಕೆಟ್ಟಿನ ಮೂಲೆ ತಗುಲಿ ನಾಲ್ಕಾರು ಇಟ್ಟಿಗೆ ಒಳಗೆ ಬಿದ್ದವು, ಬಿದ್ದ ಸದ್ದು ತಡವಾಗಿ ಬಂತು, ಆಮೇಲೆ ಒಳಗಿಂದ ಉಸಿರು, ಮುಚ್ಚಿಟ್ಟ ಬಾವಿಯ ತಣ್ಣಗಿನ ವಾಸನೆ, ಡ್ಯಾರಿಲ್ ಯಂತ್ರ ಆರಿಸಿ ಟೋಪಿ ತೆಗೆದ, ಸತ್ತವರ ಮನೆಗೆ ಬಂದವನ ಹಾಗೆ, ಇದೇನ್ ಮಾಡಿಟ್ಟಿದಾರೆ ಡಕ್ಕೇ ಇಲ್ಲಿ.

ಒಳಗೆ ಇಳಿಯಬಾರದು. ಗಾಳಿ ಪರೀಕ್ಷೆಯಾಗದೆ, ತರಬೇತಿ ಇಲ್ಲದೆ, ಹಗ್ಗ ಇಲ್ಲದೆ ಯಾರೂ ಇಳಿಯಬಾರದು, ಆ ನಿಯಮವನ್ನು ಹೊಸ ಹುಡುಗಿಯರಿಗೆ ಕಲಿಸುವವಳೇ ನಾನು. ಕ್ರೇಗ್ ಫೋನ್ ಹಿಡಿದು ಬೇಲಿಯ ಆಚೆ ಹೋಗಿದ್ದ. ಇಳಿದೆ. ಬಿದ್ದ ಇಟ್ಟಿಗೆಗಳ ಮೇಲೆ ಕಾಲೂರಿ, ಮೊಣಕಾಲು ಚಿಟ್ಟೆಂದಿತು, ನೆಟ್ಟಗೆ ನಿಂತರೆ ಹೆಲ್ಮೆಟ್ಟು ಕಮಾನಿಗೆ ತಾಗುವಷ್ಟು ಎತ್ತರ, ಎರಡು ಮೊಣಕೈ ಚಾಚಿದರೆ ಮುಗಿಯುವಷ್ಟು ಅಗಲ, ಒಂದು ಕಡೆ ಬಟ್ಟೆ ಒಗೆಯುವ ಹಳೆಯ ಮನೆಯತ್ತ ಹೋಗುತ್ತದೆ, ಇನ್ನೊಂದು ಕಡೆ ಅಡುಗೆಮನೆಯ ಅಂಗಳದತ್ತ, ಹುಲ್ಲುಹಾಸಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ. ನಿಂತ ಜಾಗದಲ್ಲೇ ಅರ್ಥವಾಯಿತು. ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹೆಂಗಸರು ಹುಲ್ಲಿನ ಮೇಲೆ ನಡೆದರೆ ಊಟದ ಕೋಣೆಯ ಕಿಟಕಿಗೆ ಕಾಣುತ್ತಾರಲ್ಲ, ನೋಟ ಕೆಡುತ್ತದಲ್ಲ, ಫ್ರೇಮಿನಲ್ಲಿ ಬರುತ್ತಾರಲ್ಲ. ಫೋನಿನ ಬೆಳಕನ್ನು ಗೋಡೆಗೆ ಬಿಟ್ಟೆ. ಬಿಳಿ ಸುಣ್ಣ, ಅದರ ಮೇಲೆ ಸೊಂಟಕ್ಕಿಂತ ತುಸು ಮೇಲೆ ಒಂದು ಕರಿ ಗೆರೆ, ಅಂಗೈ ಅಗಲದ್ದು, ಬೆಳಕು ಹೋದಷ್ಟು ದೂರವೂ ಗೆರೆ ಹೋಗುತ್ತದೆ. ನೀರು ನಿಂತ ಗುರುತು ಅಂದುಕೊಂಡೆ, ಆದರೆ ನೀರಿನ ಗೆರೆ ಮಟ್ಟಸವಾಗಿರುತ್ತದೆ, ಇದು ನೆಲ ತಗ್ಗಿದಲ್ಲಿ ತಗ್ಗುತ್ತದೆ, ಮೆಟ್ಟಿಲು ಬಂದಲ್ಲಿ ಏರುತ್ತದೆ. ದೀಪದ ಮಸಿಯೇ? ಕಮಾನು ನೋಡಿದೆ, ಬಿಳಿ, ಅಚ್ಚ ಬಿಳಿ, ಮಸಿಯ ಸುಳಿವಿಲ್ಲ, ದೀಪ ಇಡುವ ಗೂಡು ಒಂದೂ ಇಲ್ಲ. ದೀಪವನ್ನೇ ಕೊಟ್ಟಿರಲಿಲ್ಲ. ಕತ್ತಲಲ್ಲಿ ನಡೆದರು, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈ ಗೋಡೆಗೆ, ಒಗೆಯುವ ಸೋಡಾದ ನೀರಿನಲ್ಲಿ ಬಿರಿದ ಕೈ, ಕೊಬ್ಬಿನ ಸೋಪು ಹತ್ತಿದ ಕೈ, ಇಸ್ತ್ರಿ ಒಲೆಯ ಮಸಿ ಹತ್ತಿದ ಕೈ, ಒಬ್ಬಳಲ್ಲ, ಒಂದು ಕಾಲದವಳಲ್ಲ. ಒಂದು ಕಡೆ ಸುಣ್ಣ ಚಕ್ಕೆ ಎದ್ದಿತ್ತು, ಉಗುರಿನಿಂದ ಮುಟ್ಟಿದರೆ ಬಿತ್ತು, ಅದರ ಕೆಳಗೆ ಹಳೆಯ ಸುಣ್ಣ, ಅದರ ಮೇಲೂ ಗೆರೆ, ಅದರ ಕೆಳಗೆ ಮತ್ತೂ ಹಳೆಯ ಸುಣ್ಣ, ಅಲ್ಲೂ ಗೆರೆ — ಅಂದರೆ ಆಗಾಗ ಯಾರೋ ಬಂದು ಸುಣ್ಣ ಬಳಿದು ಗೆರೆ ಮುಚ್ಚುತ್ತಿದ್ದರು, ಹೆಂಗಸರು ಮತ್ತೆ ಅದೇ ಜಾಗದಲ್ಲಿ ಗೆರೆ ಮೂಡಿಸುತ್ತಿದ್ದರು. ಸುಣ್ಣಕ್ಕೆ ದುಡ್ಡು ಕೊಟ್ಟವರು ಒಂದು ಲಾಟೀನು ಕೊಡಲಿಲ್ಲವಲ್ಲ ಎಂದು ನಾನು ಬಾಯಿಬಿಟ್ಟೇ ಅಂದೆ, ಕತ್ತಲಿಗೆ. ಬೆಳಕು ಆರಿಸಿದೆ. ಯಾಕೆ ಆರಿಸಿದೆನೋ. ಕೈಗವಸು ತೆಗೆದು ಅಂಗೈ ಇಟ್ಟೆ, ಗೋಡೆಯ ಬೇರೆಲ್ಲ ಕಡೆ ಒರಟು, ಅಲ್ಲಿ ಮಾತ್ರ ನುಣುಪು, ಮಣಿಯಂಥ ನುಣುಪು, ನಾಲ್ಕು ಹೆಜ್ಜೆ ನಡೆದೆ, ಕಾಲಿಗೆ ಭಯವಿತ್ತು ಕೈಗಿರಲಿಲ್ಲ. ಆಗ ಬಂತು ಸಿಟ್ಟು, ಹೊಟ್ಟೆಯ ತಳದಿಂದ, ಎಷ್ಟೋ ವರ್ಷ ಬಾರದೆ ಇದ್ದದ್ದು, ಯಾರ ಮೇಲೆ ಎಂದು ಗೊತ್ತಾಗದ್ದು. ಮೇಲಿಂದ ಡ್ಯಾರಿಲ್, ಬದುಕಿದೀಯಾ ಡಕ್ಕೇ? ಸತ್ರೆ ಮೊದಲೇ ಹೇಳು, ನಾನು ಊಟಕ್ಕೆ ಹೋಗ್ಬೇಕು.

ಎಳೆದು ಮೇಲೆತ್ತಿದ. ಕ್ರೇಗ್ ಬಂದ, ಬಗ್ಗಿ ನೋಡಿದ, ಹೆಲ್ಮೆಟ್ಟಿನಡಿ ಬೆರಳು ತೂರಿಸಿ ತಲೆ ಕೆರೆದುಕೊಂಡ, ನಾನು ಕೆಲಸ ನಿಲ್ಲಬೇಕು ಎಂದೆ, ಇದನ್ನು ಸರಿಯಾಗಿ ಅಳೆದು ಚಿತ್ರ ತೆಗೆದು ದಾಖಲೆ ಮಾಡದೆ ಮುಂದೆ ಹೋಗುವ ಹಾಗಿಲ್ಲ, ಕೊಳವೆಯನ್ನು ಸುರಂಗದ ಮೇಲಿಂದ ಏರಿಸಿ ಬಳಸಿ ಒಯ್ಯಬಹುದು. ಅದಕ್ಕೆ ಎಷ್ಟು ದಿನ? ದಿನಗಳಲ್ಲ ಕ್ರೇಗ್, ವಾರಗಳು. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಸಂಶಯ ಬರುತ್ತಿತ್ತು. ಫೆನೆಲ್ಲಾ ಹೈಹೀಲ್ಡ್ ಚಪ್ಪಲಿಯಲ್ಲಿ ಮಣ್ಣು ತಪ್ಪಿಸುತ್ತ ಬಂದು ದೂರದಿಂದಲೇ, ಚೆನ್ನಾಗಿದೆಯಾ ಒಳಗೆ? ಅತಿಥಿಗಳನ್ನ ಇಳಿಸಬಹುದಾ? ಮೇಣದ ಬತ್ತಿ ಹಚ್ಚಿ, ಸಂಗೀತ? ಒಳಗೆ ಏನಿದೆ? ಗೋಡೆಯ ಮೇಲೆ ಕೊಳೆ, ಎಂದ ಕ್ರೇಗ್. ಓ, ಎಂದು ಹೋದಳು. ಕೊಳೆ ಅಲ್ಲ, ಗೆರೆ, ಎಂದು ಟೋಬಿಗೆ ಫೋನಿನಲ್ಲಿ ವಿವರಿಸಲು ಹೋದೆ, ಕೈಗಳು ಟೋಬಿ, ನೂರಾರು ಕೈ, ಪದರದ ಮೇಲೆ ಪದರ, ಇಂಥದ್ದನ್ನು ನಾನು ಎಲ್ಲೂ ನೋಡಿಲ್ಲ. ನೀವು ಒಳಗೆ ಹೋಗಿದ್ರಾ? ಹೋಗಿದ್ದೆ. ನೀವು ಹೋಗಿಲ್ಲ ಲೊರೇನ್, ನಾನು ಇದನ್ನ ಕೇಳಿಸಿಕೊಂಡೂ ಇಲ್ಲ, ವಿಮೆಯವರಿಗೆ ಗೊತ್ತಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ, ತರಬೇತಿ ಇರೋರನ್ನ ನಾಳೆ ಕಳಿಸ್ತೀನಿ, ಅವರು ನೋಡಿದ್ರೆ ಅದು ಇದೆ, ಅಲ್ಲಿವರೆಗೂ ಅದು ಬರೀ ಒಂದು ತೂತು. ಅಂದರೆ ನಾನು ನೋಡಿಲ್ಲ. ಫೋನಿನಲ್ಲಿ ತೆಗೆದ ಚಿತ್ರ ನೋಡಿದರೆ ಮಂಜು, ನನ್ನ ಉಸಿರೇ ಅಡ್ಡ ಬಂದಿದೆ, ಕರಿ ಯಾವುದು ಬಿಳಿ ಯಾವುದು ತಿಳಿಯುವುದಿಲ್ಲ. ಒಳ್ಳೆಯ ಕ್ಯಾಮೆರಾ, ದೀಪ, ಅಳತೆಗೋಲು ಎಲ್ಲ ಗೇಟಿನ ಹತ್ತಿರ ವ್ಯಾನಿನಲ್ಲಿ, ತರಲು ಹೊರಟೆ, ಆಗ ಹೊಟ್ಟೆ ಬಿಗಿದು ಕಾಲು ಕಾಲಿಗೆ ಸುತ್ತಿಕೊಂಡು ನಿಂತೆ, ಕ್ರೇಗ್ ಗಮನಿಸಿದ. ಕ್ರೇಗ್! ಗಮನಿಸಿದ! ಅಯ್ಯೋ ಪಾಪ, ಬೆಳಿಗ್ಗೆಯಿಂದ ನಿಮಗೆ ಜಾಗನೇ ಇಲ್ವಲ್ಲ ಲೊರೇನ್, ನಾನು ಫೆನೆಲ್ಲಾಗೆ ಹೇಳ್ತೀನಿ, ಬಂಗಲೆ ಒಳಗೇ ಹೋಗಿ ಬನ್ನಿ, ಆರಾಮಾಗಿ ಹೋಗಿ, ನೀವು ಬರೋವರೆಗೂ ಇಲ್ಲಿ ಒಂದು ಚಮಚ ಮಣ್ಣೂ ಅಲ್ಲಾಡಲ್ಲ. ನಾನು ಥ್ಯಾಂಕ್ಸ್ ಎಂದೆ. ಎಂದೆನಲ್ಲ. ಅಷ್ಟು ಸಾಕಾಯಿತು ನನಗೆ, ಒಬ್ಬ ಗಂಡಸು ನನ್ನ ಹೊಟ್ಟೆಯ ಕಷ್ಟ ಗುರುತಿಸಿದ್ದಕ್ಕೆ ಕರಗಿಹೋದೆ. ಮತ್ತೀಗ ಇಲ್ಲಿ, ಕಾಲುಚೀಲದಲ್ಲಿ, ಗಾಜಿನಾಚೆ ಫೋಟೋದವನು ಕೂಗುತ್ತಿದ್ದಾನೆ, ಇನ್ನೊಂದು ಸಲ, ಈ ಸಲ ನಿಜವಾಗಿ ಪ್ರೀತಿ ಇರೋ ಥರ, ಹುಡುಗಿ ಚಳಿಗೆ ನಡುಗುತ್ತಿದ್ದಾಳೆ, ಬಿಳಿ ಅಲುಗುತ್ತದೆ, ಕಣ್ಣು ಮುಚ್ಚಿದರೆ ಗೆರೆ, ಬಿಳಿಯ ಮೇಲೆ ಕರಿ, ತಗ್ಗುತ್ತ ಏರುತ್ತ, ನನ್ನ ಅಂಗೈಗೆ ಇನ್ನೂ ಆ ನುಣುಪು ಅಂಟಿಕೊಂಡಿದೆ.

ಬೀಪ್, ಬೀಪ್, ಏನದು, ಹಿಂದಕ್ಕೆ ಬರುತ್ತಿರುವ ಲಾರಿ, ಫೋಟೋದವನು ಬೈಯುತ್ತಿದ್ದಾನೆ, ಫೆನೆಲ್ಲಾ ಅವನನ್ನು ಸಮಾಧಾನ ಮಾಡುತ್ತಿದ್ದಾಳೆ, ಸದ್ದು ಫೋಟೋದಲ್ಲಿ ಬರಲ್ಲ ಡಾರ್ಲಿಂಗ್, ಕ್ರೇಗ್ ಹೇಳಿದ್ದ, ಹತ್ತೇ ನಿಮಿಷದ ಕೆಲಸ ಅಂತ. ಯಾವ ಕೆಲಸ. ಲಾರಿಯ ಹೊಟ್ಟೆ ತಿರುಗುವ ಸದ್ದು, ಗರ ಗರ, ಜಲ್ಲಿ ಮಗುಚುವ ಸದ್ದು, ಕಾಂಕ್ರೀಟು, ಹೌದು, ಮ್ಯಾನ್‌ಹೋಲಿನ ತಳಕ್ಕೆಂದು ಮಧ್ಯಾಹ್ನ ಬರಬೇಕಿತ್ತು, ಬೆಳಿಗ್ಗೆ ಕ್ರೇಗ್ ಅದರ ಬಗ್ಗೆಯೇ ಫೋನಿನಲ್ಲಿ ಕಿರುಚುತ್ತಿದ್ದ, ಅದೇ ಇರಬೇಕು, ಅದೇ. ಆದರೆ ಮ್ಯಾನ್‌ಹೋಲಿನ ಗುಂಡಿ ಇನ್ನೂ ತೋಡಿಲ್ಲ. ಯಂತ್ರ ಸುರಂಗದ ಹತ್ತಿರವೇ ನಿಂತಿತಲ್ಲ, ನಾನೇ ನಿಲ್ಲಿಸಿದೆನಲ್ಲ, ಗುಂಡಿಯೇ ಇಲ್ಲದಿದ್ದರೆ ಆ ಕಾಂಕ್ರೀಟು ಎಲ್ಲಿಗೆ — ಮಾತು ಉಳಿಸಿಕೊಂಡಿದ್ದಾನೆ, ಒಂದು ಚಮಚ ಮಣ್ಣೂ ಅಲ್ಲಾಡಿಲ್ಲ. ಆರಾಮಾಗಿ ಹೋಗಿ. ಕ್ರೇಗ್ ಹೇಳಿದ್ದ, ಅಂದಳಲ್ಲ, ನನ್ನನ್ನು ಇಲ್ಲಿ ನಿಲ್ಲಿಸಲೂ ಅವನೇ ಹೇಳಿದ್ದನೇ, ಇರಲಾರದು, ಅಷ್ಟೂ ಬೇಕಿರಲಿಲ್ಲ, ನನ್ನಂಥವಳನ್ನು ನಿಲ್ಲಿಸಲು ಪಿತೂರಿ ಯಾಕೆ, ಐದು ನಿಮಿಷ ಡಾರ್ಲಿಂಗ್ ಅಂದರೆ ಸಾಕು, ನಿಲ್ಲುತ್ತಾಳೆ, ಕೈ ಹಿಂದೆ ಕಟ್ಟಿ ಹೊಟ್ಟೆ ಒಳಗೆಳೆದು ನಿಲ್ಲುತ್ತಾಳೆ. ನಾಳೆ ಬಂದವರಿಗೆ ಏನು ಕಾಣುತ್ತದೆ, ಬೂದು ಬಂಡೆ, ಸುರಕ್ಷತೆಗಾಗಿ ತುಂಬಿದೆವು ಅನ್ನುತ್ತಾನೆ, ಟೋಬಿ ಏನನ್ನುತ್ತಾನೆ, ನೀವು ಒಳಗೆ ಹೋಗೇ ಇಲ್ಲವಲ್ಲ ಲೊರೇನ್, ಅನ್ನುತ್ತಾನೆ. ದೀಪ ಕೊಡಲಿಲ್ಲ, ಸುಣ್ಣ ಕೊಟ್ಟರು, ಈಗ ಕಾಂಕ್ರೀಟು ಕೊಡುತ್ತಾರೆ. ಬಾಗಿಲಿನ ಹಿಡಿಕೆ ತಣ್ಣಗಿದೆ, ಯಾವಾಗ ಹಿಡಿದೆ, ಫೆನೆಲ್ಲಾ, ಇನ್ನೊಂದೇ ನಿಮಿಷ ಡಾರ್ಲಿಂಗ್, ಪ್ಲೀಸ್, ಬೆಳಕು ಈಗ — ಹುಲ್ಲು ಒದ್ದೆ, ಕಾಲುಚೀಲ ತಕ್ಷಣ ಒದ್ದೆ, ಹುಲ್ಲುಹಾಸಿನ ನಟ್ಟನಡುವೆ, ಬಳಸಿ ಅಲ್ಲ, ನಡುವೆ, ಬಾಡಿಗೆ ವರ ಬಾಯಿ ತೆರೆದು ನೋಡುತ್ತಾನೆ, ಹುಡುಗಿ ಪಕ್ಕಕ್ಕೆ ಸರಿದಳು, ಅವಳ ತೋಳಿನ ಮೇಲೆ ಚಳಿಯ ಗುಳ್ಳೆಗಳು, ಏಯ್, ಏಯ್, ಆ ಕಿತ್ತಳೆಯವಳನ್ನ ಯಾರಾದ್ರೂ! ಕ್ಲಿಕ್ಕೆಂದಿತು ಕ್ಯಾಮೆರಾ, ಬಂದೆ, ಬಂದೆ ಕಣಪ್ಪ ನಿನ್ನ ಫ್ರೇಮಿನಲ್ಲಿ. ಬೇಲಿ. ಲಾರಿಯ ಹಿಂಭಾಗದಿಂದ ಕಾಂಕ್ರೀಟು ಇಳಿಸುವ ತಗಡಿನ ದೋಣಿ ತೂತಿನ ಬಾಯಿಗೆ ಚಾಚಿದೆ, ಬೂದು ಬಣ್ಣದ್ದು ಜಾರುತ್ತಿದೆ, ಕ್ರೇಗ್ ಬೆನ್ನು ಹಾಕಿ ನಿಂತಿದ್ದಾನೆ, ಡ್ಯಾರಿಲ್ ನನ್ನ ನೋಡಿ ತನ್ನ ಊಟದ ಡಬ್ಬಿ ನೋಡಿದ. ಕೈ ಎತ್ತಿದೆ. ನಿಯಮದ ಪ್ರಕಾರ, ತಲೆಗಿಂತ ಮೇಲೆ, ಐದೂ ಬೆರಳು. ಯಾರೂ ನಿಲ್ಲಿಸಲಿಲ್ಲ. ಎತ್ತಿದ ಕೈಯನ್ನು ನೋಡಬೇಕಾದವರು ನೋಡದಿದ್ದರೆ ಅದು ಬರೀ ಕೈ. ಕೊಳವೆಗೆಂದು ತೋಡಿದ ಕಾಲುವೆಗಿಳಿದು ತೂತಿನ ಅಂಚಿಗೆ ಕೂತುಬಿಟ್ಟೆ, ದೋಣಿಯ ಬಾಯಿಗೆ ಎದೆ ಕೊಟ್ಟು, ಕಾಲು ಒಳಗೆ ಇಳಿಬಿಟ್ಟು, ಮಡಿಲಿಗೆ ಬಿತ್ತು, ಭಾರ, ತಣ್ಣಗೆ, ತೊಡೆಯಿಂದ ಕೆಳಕ್ಕೆ ಇಳಿಯುತ್ತದೆ, ಲಾರಿಯವನು ಕಿರುಚಿ ಏನೋ ಎಳೆದ, ಗರ ಗರ ನಿಂತಿತು. ತಲೆ ಕೆಟ್ಟಿದೆಯಾ ನಿಂಗೆ, ಏಳು, ಏಳೇ ಮೇಲೆ, ಸಾಯ್ತೀಯಾ, ಅನ್ನುತ್ತಿದ್ದಾನೆ ಕ್ರೇಗ್, ಅವನ ಬಾಯಲ್ಲಿ ಈಗ ನೀವೂ ಇಲ್ಲ ಲೊರೇನೂ ಇಲ್ಲ. ಡಕ್ಕೇ, ಚರ್ಮ ಸುಡುತ್ತೆ ಅದು, ತೊಳ್ಕೋಬೇಕು, ಡ್ಯಾರಿಲ್ ನೀರಿನ ಕ್ಯಾನು ಹಿಡಿದು ಬರುತ್ತಿದ್ದಾನೆ. ಏಳುವುದಿಲ್ಲ. ಅಡ್ಡ ಕೂತಿದ್ದೇನೆ ಅಮ್ಮಾ, ಎಲ್ಲರ ಕಾಲಿಗೂ ಅಡ್ಡ. ಫೋನು ಎಲ್ಲಿ, ಜೇಬಿನಲ್ಲಿ, ಬೆಳಕು, ಬಗ್ಗಿ ಕೆಳಗೆ ಬಿಟ್ಟೆ, ಬೂದು ರಾಶಿ ಕುಸಿದು ಎರಡೂ ಕಡೆಗೆ ಹರಡಿದೆ, ಒದ್ದೆ ಹೊಳಪು, ಇನ್ನೂ ಹರಡುತ್ತಿದೆ, ಮೆಲ್ಲಗೆ, ಸದ್ದಿಲ್ಲದೆ, ಗೋಡೆಗೆ ಒರಗಿ ಏರುತ್ತಿದೆ, ಎಲ್ಲಿ, ಎಲ್ಲಿ, ಸುಣ್ಣ, ಸಿಡಿದ ಬೂದು ಹನಿಗಳು, ಅಲ್ಲಿ — ಕರಿ, ಗೆರೆ, ಬೂದು ರಾಶಿಗಿಂತ ಎರಡು ಬೆರಳು ಮೇಲೆ, ತಗ್ಗಿ, ಏರಿ, ಬೆಳಕಿನಾಚೆಗೆ ಹೋಗುತ್ತಿದೆ, ಬೂದು ಏರುತ್ತಿದೆ, ನಿಂತಿತೇ, ಇಲ್ಲ, ನಿಂತಿತು, ಒಂದು ಬೆರಳು, ಗೆರೆ ಇದೆ, ಗೆರೆ, ಕತ್ತಲಲ್ಲಿ ಅಂಗೈ ಅಗಲದ ಗೆರೆ